ಕರ್ಮ ಎಂಬುದು ಉತ್ತಮ ಪುರುಷದ ಮಾತು

ಒಂಬತ್ತು ವರ್ಷದ ಹಿಂದಿನ ಮಾತು. ನಾನಾಗ ಬಿ.ಎ. ಮೊದಲ ವರ್ಷದಲ್ಲಿದ್ದೆ. ರಾಯಚೂರು ಜಿಲ್ಲೆಯ ನಮ್ಮ ಊರಿನಿಂದ ಅಕ್ಕನನ್ನು ಹೆರಿಗೆಗೆಂದು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆತಂದಿದ್ದೆವು. ರಾತ್ರಿ ಹನ್ನೊಂದರ ಹೊತ್ತಿಗೆ ನೋವು ಜೋರಾಯಿತು. ಇದ್ದವರು ನರ್ಸಮ್ಮ ಒಬ್ಬರೇ. "ಡಾಕ್ಟರಿಗೆ ಫೋನ್ ಮಾಡೀನಿ, ಬರ್ತಾರ" ಎಂದು ಅವರು ಮೂರು ಸಲ ಹೇಳಿದರು. ಡ್ಯೂಟಿಯಲ್ಲಿ ಇರಬೇಕಾಗಿದ್ದ ಡಾಕ್ಟರು ಬಂದದ್ದು ನಸುಕಿನ ನಾಲ್ಕೂವರೆಗೆ. ಮಗು ಹುಟ್ಟಿದಾಗ ಅಳಲಿಲ್ಲ.

ವರಾಂಡದಲ್ಲಿ ಅವ್ವ ಗೋಡೆಗೆ ಒರಗಿ ಕೂತಿದ್ದಳು. ನಮ್ಮ ಜೊತೆ ರಾತ್ರಿಯಿಡೀ ಎಚ್ಚರವಿದ್ದ ದೊಡ್ಡವ್ವ ಅವಳ ಕೈ ಹಿಡಿದು ಹೇಳಿದಳು: "ಏನ್ ಮಾಡಾಕ ಬರ್ತದ ತಂಗಿ, ಪಡಕೊಂಡು ಬಂದದ್ದು ಉಣ್ಣಲೇಬೇಕು. ಆ ಕೂಸು ಹಿಂದಿನ ಜನ್ಮದಾಗ ಏನ್ ಮಾಡಿತ್ತೋ, ಇಲ್ಲಾ ಇಕಿನ ಏನ್ ಮಾಡಿದ್ಲೋ. ಕರ್ಮ ಯಾರನ್ನ ಬಿಟ್ಟದ." ಅವ್ವ ತಲೆ ಅಲ್ಲಾಡಿಸಿದಳು. ಅಲ್ಲಿದ್ದ ಎಲ್ಲರೂ ತಲೆ ಅಲ್ಲಾಡಿಸಿದರು. ನಾನೂ ಅಲ್ಲಾಡಿಸಿದೆ.

ಮಗುವಿಗೆ ಸೆರೆಬ್ರಲ್ ಪಾಲ್ಸಿ ಎಂದು ತಿಳಿದದ್ದು ವರ್ಷ ತುಂಬಿದ ಮೇಲೆ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ. ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲ ನೋಡಿದ ಮೇಲೆ ಅಲ್ಲಿನ ಡಾಕ್ಟರು ಹೇಳಿದ ಮಾತು ನನಗೆ ಈಗಲೂ ನೆನಪಿದೆ. ಹುಟ್ಟುವಾಗ ಮೆದುಳಿಗೆ ಆಮ್ಲಜನಕ ಸಾಲದೆ ಹೋದದ್ದು ಕಾರಣ "ಇರಬಹುದು" ಎಂದರು. ಇಷ್ಟೆಲ್ಲ ಯಂತ್ರ ಇಟ್ಟುಕೊಂಡು ಪರೀಕ್ಷಿಸಿದವರು "ಇರಬಹುದು" ಎನ್ನುತ್ತಿದ್ದಾರೆ. ಏನನ್ನೂ ಪರೀಕ್ಷಿಸದ ವರಾಂಡ ಮಾತ್ರ ಮಗು ಹುಟ್ಟಿದ ಅರ್ಧ ತಾಸಿನಲ್ಲಿ ಖಚಿತವಾಗಿ ತೀರ್ಪು ಕೊಟ್ಟುಬಿಟ್ಟಿತ್ತು. ಅಂದು ತಲೆ ಅಲ್ಲಾಡಿಸಿದ್ದಕ್ಕೆ ನನಗೆ ನಾಚಿಕೆಯಾದದ್ದು ಆಗ.

ಈಗ ನಾನು ಭಾರತೀಯ ತತ್ವಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಉಪನಿಷತ್ತುಗಳಲ್ಲಿ ಮತ್ತು ಪಾಲಿ ಸುತ್ತಗಳಲ್ಲಿ ಕರ್ಮದ ಕಲ್ಪನೆ ನನ್ನ ವಿಷಯ. ಈ ವಿಷಯ ನಾನು ಯಾಕೆ ಆರಿಸಿಕೊಂಡೆ ಎಂದು ಸೆಮಿನಾರುಗಳಲ್ಲಿ ಕೇಳಿದವರಿಗೆ ಬೇರೇನೋ ಉತ್ತರ ಕೊಡುತ್ತ ಬಂದಿದ್ದೇನೆ. ನಿಜವಾದ ಉತ್ತರ ಆ ವರಾಂಡ. ಐದು ವರ್ಷ ಓದಿದ ಮೇಲೆ ನನಗೆ ಹೇಳಬೇಕೆನಿಸುವ ಮಾತು ಚಿಕ್ಕದು. ಶಾಲೆಯ ವ್ಯಾಕರಣದಲ್ಲಿ ನಾವೆಲ್ಲ ಕಲಿತ ಹಾಗೆ 'ನಾನು' ಉತ್ತಮ ಪುರುಷ, 'ನೀನು' ಮಧ್ಯಮ ಪುರುಷ, 'ಅವನು, ಅವಳು, ಅದು' ಪ್ರಥಮ ಪುರುಷ. ಕರ್ಮ ಎಂಬ ಮಾತು ಉತ್ತಮ ಪುರುಷದಲ್ಲಿ, ಭವಿಷ್ಯತ್ಕಾಲದಲ್ಲಿ ಆಡಬೇಕಾದ ಮಾತು: ನಾನು ಏನು ಮಾಡುತ್ತೇನೆ, ಅದರಿಂದ ಏನಾಗುತ್ತದೆ. ನಾವು ಅದನ್ನು ಪ್ರಥಮ ಪುರುಷಕ್ಕೂ ಭೂತಕಾಲಕ್ಕೂ ತಿರುಗಿಸಿದ್ದೇವೆ: ಅವಳು ಏನೋ ಮಾಡಿದ್ದಳು, ಅದಕ್ಕೇ ಹೀಗಾಯಿತು. ಹೀಗೆ ತಿರುಗಿಸಿದ ಕ್ಷಣದಲ್ಲಿ ಅದು ಧರ್ಮದ ಮಾತಾಗಿ ಉಳಿಯುವುದಿಲ್ಲ, ಸಾಕ್ಷಿಯಿಲ್ಲದ ಆರೋಪವಾಗುತ್ತದೆ.

ಇದಕ್ಕೆ ತಕ್ಷಣ ಬರುವ ಸಮಾಧಾನ ನನಗೆ ಗೊತ್ತು. "ಅದು ತಿಳಿಯದ ಜನರ ಮಾತಮ್ಮ, ಶಾಸ್ತ್ರದಲ್ಲಿ ಹಾಗಿಲ್ಲ." ಈ ಮಾತನ್ನು ನಾನು ವಿದ್ವಾಂಸರ ಬಾಯಲ್ಲೇ ಕೇಳಿದ್ದೇನೆ. ಇದು ಸುಳ್ಳು. ಶಾಸ್ತ್ರದಲ್ಲಿ ಹಾಗೆಯೇ ಇದೆ. ಛಾಂದೋಗ್ಯ ಉಪನಿಷತ್ತಿನ ಐದನೆಯ ಅಧ್ಯಾಯದಲ್ಲಿ ಪ್ರವಾಹಣ ಜೈವಲಿ ಎಂಬ ರಾಜ ಪಂಚಾಗ್ನಿ ವಿದ್ಯೆಯನ್ನು ಹೇಳಿಕೊಡುತ್ತಾನೆ. ಒಳ್ಳೆಯ ನಡತೆಯವರು ಬ್ರಾಹ್ಮಣ, ಕ್ಷತ್ರಿಯ, ವೈಶ್ಯ ಯೋನಿಗಳಲ್ಲಿ ಹುಟ್ಟುತ್ತಾರೆ, ಕೆಟ್ಟ ನಡತೆಯವರು ನಾಯಿ, ಹಂದಿ, ಚಂಡಾಲ ಯೋನಿಗಳಲ್ಲಿ ಹುಟ್ಟುತ್ತಾರೆ ಎಂಬ ಮಾತು ಅಲ್ಲಿದೆ. ನಾಯಿ, ಹಂದಿಯ ಸಾಲಿನಲ್ಲಿ ಒಂದು ಮನುಷ್ಯ ಸಮುದಾಯವನ್ನು ನಿಲ್ಲಿಸಿದ್ದು ತಿಳಿಯದ ಜನ ಅಲ್ಲ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ದೇಹದ ಊನಗಳಿಗೆಲ್ಲ ಈ ಜನ್ಮದ ಅಥವಾ ಹಿಂದಿನ ಜನ್ಮದ ಪಾಪ ಕಾರಣ ಎಂದು ಹೇಳಿ, ಯಾವ ಪಾಪಕ್ಕೆ ಯಾವ ಊನ ಎಂದು ಪಟ್ಟಿಯನ್ನೇ ಕೊಡುತ್ತದೆ. ನಮ್ಮ ದೊಡ್ಡವ್ವನಿಗೆ ಓದು ಬರೆಹ ಬಾರದು. ಆದರೂ ಆ ಪಟ್ಟಿ ಅವಳನ್ನು ತಲುಪಿದೆ. ಅದನ್ನು ತಲುಪಿಸಿದವರು ಓದು ಬಲ್ಲವರೇ.

ಇನ್ನೊಂದು ಸಮಾಧಾನ ನನ್ನ ಗೆಳೆಯರ ಕಡೆಯಿಂದ ಬರುತ್ತದೆ. "ಇದೆಲ್ಲ ವೈದಿಕರ ಕಿತಾಪತಿ, ಬುದ್ಧ ಹೀಗೆ ಹೇಳಲಿಲ್ಲ" ಎನ್ನುತ್ತಾರೆ. ನನಗೂ ಹಾಗೆ ನಂಬಲು ಆಸೆಯಿತ್ತು. ಮಜ್ಝಿಮ ನಿಕಾಯದ 135ನೆಯ ಸುತ್ತ, ಚೂಳಕಮ್ಮವಿಭಂಗ, ಆ ಆಸೆಯನ್ನು ಉಳಿಸುವುದಿಲ್ಲ. ಮನುಷ್ಯರಲ್ಲಿ ಕೆಲವರು ಅಲ್ಪಾಯು, ಕೆಲವರು ದೀರ್ಘಾಯು, ಕೆಲವರು ರೋಗಿಗಳು, ಕೆಲವರು ಬಡವರು, ಕೆಲವರು ಕೀಳು ಕುಲದವರು, ಇದು ಯಾಕೆ ಎಂದು ಸುಭ ಎಂಬ ತರುಣ ಕೇಳುತ್ತಾನೆ. ಬುದ್ಧನ ಉತ್ತರ: ಕೊಂದವನು ಅಲ್ಪಾಯುವಾಗುತ್ತಾನೆ, ಹಿಂಸಿಸಿದವನು ರೋಗಿಯಾಗುತ್ತಾನೆ, ದಾನ ಮಾಡದವನು ಬಡವನಾಗುತ್ತಾನೆ, ಅಹಂಕಾರಿ ಕೀಳು ಕುಲದಲ್ಲಿ ಹುಟ್ಟುತ್ತಾನೆ. ಇಲ್ಲೂ ಒಂದು ಪಟ್ಟಿಯಿದೆ. ಹಾಗಾಗಿ ಒಂದು ಧರ್ಮವನ್ನು ತೊಳೆದು ಇನ್ನೊಂದಕ್ಕೆ ಮಸಿ ಬಳಿಯುವ ಕೆಲಸ ನನ್ನಿಂದಾಗದು. ಎರಡೂ ಮನೆಗಳ ದಾಖಲೆಯಲ್ಲಿ ಈ ಮಾತು ಇದೆ.

ಹಾಗಿದ್ದರೆ ವರಾಂಡದ ತೀರ್ಪು ಸರಿಯೇ? ಅಲ್ಲ. ಯಾಕೆಂದರೆ ಈ ವಾಕ್ಯಗಳನ್ನು ಅವು ಇರುವ ಹಾಗೆಯೇ ಒಪ್ಪಿಕೊಂಡರೂ ಅವುಗಳಿಂದ ಆ ತೀರ್ಪು ಹೊರಡುವುದಿಲ್ಲ. "ಹಿಂಸಿಸಿದವನು ರೋಗಿಯಾಗುತ್ತಾನೆ" ಎಂಬುದರಿಂದ "ರೋಗಿಯಾದವನು ಹಿಂಸಿಸಿದ್ದ" ಎಂದು ತೆಗೆಯಲು ಬರುವುದಿಲ್ಲ. ಇದನ್ನು ಹೇಳಲು ಪಾಶ್ಚಾತ್ಯ ತರ್ಕ ಬೇಡ, ನಮ್ಮ ನ್ಯಾಯಶಾಸ್ತ್ರವೇ ಸಾಕು. ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂಬ ವ್ಯಾಪ್ತಿ ಸರಿ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎಂಬುದು ತಪ್ಪು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ನೈಯಾಯಿಕರು ಮೊದಲ ಪಾಠದಲ್ಲೇ ಕೊಡುವ ಉದಾಹರಣೆ ಇದು. ಪಾಪಕ್ಕೆ ದುಃಖ ಫಲ ಎಂದಾದರೂ ದುಃಖಕ್ಕೆಲ್ಲ ಪಾಪ ಕಾರಣ ಎಂದಾಗುವುದಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ನಾವು ಬೆಂಕಿ ಕಂಡು ಹೊಗೆಯನ್ನು ಊಹಿಸಿದೆವು.

ಈ ತಪ್ಪು ಆಗುತ್ತದೆಂದು ಸುತ್ತಗಳನ್ನು ಕಟ್ಟಿದವರಿಗೆ ಗೊತ್ತಿತ್ತೆಂದು ತೋರುತ್ತದೆ. ಚೂಳಕಮ್ಮವಿಭಂಗದ ಮಗ್ಗುಲಲ್ಲೇ, 136ನೆಯದಾಗಿ, ಮಹಾಕಮ್ಮವಿಭಂಗ ಸುತ್ತವನ್ನು ಇಟ್ಟಿದ್ದಾರೆ. ಧ್ಯಾನಬಲದಿಂದ ದಿವ್ಯದೃಷ್ಟಿ ಪಡೆದ ಶ್ರಮಣನೊಬ್ಬ ಕೊಲೆಗಾರನೊಬ್ಬ ನರಕಕ್ಕೆ ಹೋದದ್ದನ್ನು ಕಾಣುತ್ತಾನೆ. ಕೊಲೆಗಾರರೆಲ್ಲ ನರಕಕ್ಕೆ ಹೋಗುತ್ತಾರೆ, ಇದಷ್ಟೇ ಸತ್ಯ ಎಂದು ಸಾರುತ್ತಾನೆ. ಇನ್ನೊಬ್ಬ ಶ್ರಮಣ ಕೊಲೆಗಾರನೊಬ್ಬ ಸ್ವರ್ಗಕ್ಕೆ ಹೋದದ್ದನ್ನು ಕಂಡು ಪಾಪಕ್ಕೆ ಫಲವೇ ಇಲ್ಲ ಎಂದು ಸಾರುತ್ತಾನೆ. ಇಬ್ಬರೂ ಕಂಡದ್ದು ನಿಜ, ಕಂಡದ್ದರಿಂದ ಕಟ್ಟಿದ ನಿಯಮ ತಪ್ಪು ಎನ್ನುತ್ತಾನೆ ಬುದ್ಧ. ದಿವ್ಯದೃಷ್ಟಿ ಇದ್ದವರೇ ಹೀಗೆ ಎಡವುತ್ತಾರೆ ಎಂದ ಮೇಲೆ ಬರೀ ಕಣ್ಣಿನ ನಮ್ಮ ಗತಿಯೇನು?

ದೇವದಹ ಸುತ್ತದಲ್ಲಿ (ಮಜ್ಝಿಮ 101) ಇನ್ನೂ ನೇರವಾದ ಪ್ರಶ್ನೆಗಳಿವೆ. ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುವ ನಿರ್ಗ್ರಂಥರನ್ನು ಬುದ್ಧ ಕೇಳುತ್ತಾನೆ: ಹಿಂದೆ ನೀವು ಇದ್ದಿರಿ ಎಂದು ನಿಮಗೆ ತಿಳಿದಿದೆಯೇ? ಪಾಪ ಮಾಡಿದಿರಿ ಎಂದು ತಿಳಿದಿದೆಯೇ? ಇಂಥದೇ ಪಾಪ ಎಂದು? ಅದರಲ್ಲಿ ಇಷ್ಟು ಸವೆದಿದೆ, ಇಷ್ಟು ಉಳಿದಿದೆ ಎಂದು? ಅವರು ಎಲ್ಲಕ್ಕೂ ಇಲ್ಲ ಎನ್ನುತ್ತಾರೆ. ಜೈನರ ಕರ್ಮಸಿದ್ಧಾಂತ ಈ ಬೌದ್ಧ ಗ್ರಂಥ ಚಿತ್ರಿಸುವುದಕ್ಕಿಂತ ಬಹಳ ಸೂಕ್ಷ್ಮವಾದದ್ದು, ಅದು ಬೇರೆ ಮಾತು. ಆದರೆ ಆ ನಾಲ್ಕು ಪ್ರಶ್ನೆಗಳನ್ನು ನಾನು ಬರೆದಿಟ್ಟುಕೊಂಡಿದ್ದೇನೆ. "ಅವಳ ಕರ್ಮ" ಎಂದು ಯಾರಾದರೂ ಹೇಳಿದಾಗ ನಾವು ಕೇಳಬೇಕಾದದ್ದು ಇವನ್ನೇ.

ನನ್ನ ಸಂಶೋಧನೆಯಲ್ಲಿ ನಾನು ಮತ್ತೆ ಮತ್ತೆ ಮರಳುವ ಪಠ್ಯ ಇನ್ನೊಂದಿದೆ. ಅದು ಸಂಯುತ್ತ ನಿಕಾಯದ ಸೀವಕ ಸುತ್ತ, ಒಂದು ಪುಟದಷ್ಟು ಚಿಕ್ಕದು. ರಾಜಗೃಹದ ವೇಣುವನದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬುದ್ಧನ ಬಳಿ ಬರುತ್ತಾನೆ. ಸುಖವೋ ದುಃಖವೋ, ಅನುಭವಕ್ಕೆ ಬರುವುದೆಲ್ಲ ಪೂರ್ವಕರ್ಮದಿಂದಲೇ ಎಂದು ಕೆಲವರು ಹೇಳುತ್ತಾರಲ್ಲ, ನೀವೇನು ಹೇಳುತ್ತೀರಿ ಎಂದು ಕೇಳುತ್ತಾನೆ. ಬುದ್ಧ ಎಂಟು ಕಾರಣಗಳನ್ನು ಎಣಿಸುತ್ತಾನೆ: ಪಿತ್ತ, ಕಫ, ವಾತ, ಈ ಮೂರರ ಕೂಡಿಕೆ, ಋತುವಿನ ಬದಲಾವಣೆ, ಸರಿಯಾದ ಆರೈಕೆ ಇಲ್ಲದಿರುವುದು, ಹೊರಗಿನಿಂದ ಬಿದ್ದ ಪೆಟ್ಟು, ಕೊನೆಯದಾಗಿ ಕರ್ಮದ ವಿಪಾಕ. ಎಲ್ಲವೂ ಪೂರ್ವಕರ್ಮದಿಂದಲೇ ಎನ್ನುವವರು ತಾವೇ ಕಂಡು ತಿಳಿಯಬಹುದಾದದ್ದನ್ನೂ ಲೋಕ ಸತ್ಯವೆಂದು ಒಪ್ಪಿರುವುದನ್ನೂ ದಾಟಿ ಮಾತಾಡುತ್ತಾರೆ, ಅದು ತಪ್ಪು ಎನ್ನುತ್ತಾನೆ.

ಎಂಟರಲ್ಲಿ ಆರನೆಯದನ್ನು ಇನ್ನೊಮ್ಮೆ ನೋಡಿ. ಸರಿಯಾದ ಆರೈಕೆ ಇಲ್ಲದಿರುವುದು. ಪಾಲಿಯಲ್ಲಿ 'ವಿಸಮಪರಿಹಾರ'. ಈ ಪದ ಓದಿದ ದಿನ ನಾನು ಲೈಬ್ರರಿಯಿಂದ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತೆ. ಎರಡು ಸಾವಿರ ವರ್ಷಕ್ಕಿಂತ ಹಳೆಯ ಪಠ್ಯವೊಂದು ದುಃಖದ ಕಾರಣಗಳನ್ನು ಎಣಿಸುವಾಗ ಆರೈಕೆಯ ಲೋಪಕ್ಕೆ ಒಂದು ಪ್ರತ್ಯೇಕ ಸಾಲು ಮೀಸಲಿಟ್ಟಿದೆ, ಕರ್ಮವನ್ನು ಎಂಟನೆಯ ಸಾಲಿಗೆ ತಂದಿದೆ. ನಮ್ಮ ವರಾಂಡದಲ್ಲಿ ಏಳು ಸಾಲುಗಳನ್ನು ಹಾರಿಸಿ ನೇರ ಎಂಟಕ್ಕೆ ಹೋಗಿದ್ದೆವು. ನರ್ಸಮ್ಮ ಎಷ್ಟು ಗಂಟೆಗೆ ಫೋನ್ ಮಾಡಿದರು, ಡಾಕ್ಟರು ಎಲ್ಲಿದ್ದರು, ಬೇರೆ ಆಸ್ಪತ್ರೆಗೆ ಯಾಕೆ ಕಳಿಸಲಿಲ್ಲ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ, ಉತ್ತರ ಆಗಲೇ ಸಿಕ್ಕಿತ್ತು.

ಬೌದ್ಧರು ಈ ಎಂಟು ಸಾಲನ್ನು ಸದಾ ಕಾಪಾಡಿಕೊಂಡರು ಎಂದೇನೂ ಅಲ್ಲ. ಮಿಲಿಂದಪಞ್ಹದಲ್ಲಿ ನಾಗಸೇನ ಭಿಕ್ಷು ಇದೇ ಎಂಟನ್ನು ಹಿಡಿದು, ದೇವದತ್ತ ಉರುಳಿಸಿದ ಬಂಡೆಯ ಚೂರು ಬುದ್ಧನ ಕಾಲಿಗೆ ಬಡಿದದ್ದು ಬುದ್ಧನ ಕರ್ಮದಿಂದಲ್ಲ ಎಂದು ಗ್ರೀಕ್ ಅರಸನಿಗೆ ವಾದಿಸುತ್ತಾನೆ. ಅದೇ ಪರಂಪರೆಯ ಅಪದಾನ ಗ್ರಂಥದಲ್ಲಿ ಬುದ್ಧನ ಬೆನ್ನುನೋವಿಗೂ ಪೂರ್ವಜನ್ಮದ ಕಾರಣ ಸಿಗುತ್ತದೆ: ಯಾವುದೋ ಜನ್ಮದಲ್ಲಿ ಕುಸ್ತಿಯಾಡುವಾಗ ಎದುರಾಳಿಯ ಬೆನ್ನು ಮುರಿದಿದ್ದನಂತೆ. ಬುದ್ಧನನ್ನೇ ಬಿಡದವರು ನಮ್ಮ ಅಕ್ಕನ ಮಗನನ್ನು ಬಿಟ್ಟಾರೆಯೇ? ಪರಂಪರೆ ಎಂದರೆ ಒಂದೇ ದನಿ ಅಲ್ಲ, ಅದೊಂದು ಜಗಳ. ಆ ಜಗಳದಲ್ಲಿ ನಾನು ನಾಗಸೇನನ ಪಕ್ಷ.

ವೇದಾಂತದ ಕಡೆ ಇದೇ ಪ್ರಶ್ನೆ ಬೇರೆ ದಾರಿಯಿಂದ ಬಂತು. ಅಲ್ಲಿ ಈಶ್ವರ ಇದ್ದಾನೆ. ಒಬ್ಬನಿಗೆ ಸುಖ, ಒಬ್ಬನಿಗೆ ದುಃಖ ಕೊಡುವ ಈಶ್ವರ ಪಕ್ಷಪಾತಿಯಲ್ಲವೇ, ನಿರ್ದಯಿಯಲ್ಲವೇ? ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಈ ಆಕ್ಷೇಪ ಬರುತ್ತದೆ. ಜೀವಿಗಳ ಕರ್ಮವನ್ನು ನೋಡಿಯೇ ಈಶ್ವರ ಸೃಷ್ಟಿಸುತ್ತಾನೆ, ಆದ್ದರಿಂದ ದೋಷ ಅವನದಲ್ಲ ಎಂಬುದು ಉತ್ತರ. ಶಂಕರರು ಭಾಷ್ಯದಲ್ಲಿ ಮಳೆಯ ಹೋಲಿಕೆ ಕೊಡುತ್ತಾರೆ. ಭತ್ತಕ್ಕೂ ಯವಕ್ಕೂ ಮಳೆ ಒಂದೇ, ಬೆಳೆ ಬೇರೆಯಾಗುವುದು ಬೀಜದಿಂದ. ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಕರ್ಮಸಿದ್ಧಾಂತದ ಈ ಸುಸಂಬದ್ಧತೆಯನ್ನು ಬಹಳ ಮೆಚ್ಚಿದ್ದ.

ಹೋಲಿಕೆ ಚೆಂದವಿದೆ. ಆದರೆ ನಾನು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಊರಿನವಳು. ನಮ್ಮ ಕಡೆ ಹೊಲ ಒಣಗಿದರೆ ಬೀಜವನ್ನು ಯಾರೂ ಬಯ್ಯುವುದಿಲ್ಲ. ಮೇಲಿನ ಭಾಗದಲ್ಲಿ ಕಾಲುವೆಗೆ ಪೈಪು ಇಳಿಸಿ ನೀರೆತ್ತಿದವರು ಯಾರು, ಗೇಜು ಕಾಯಬೇಕಾದವರು ಎಲ್ಲಿದ್ದರು ಎಂದು ಕೇಳುತ್ತೇವೆ. ರಸ್ತೆಗಿಳಿದು ಧರಣಿ ಕೂರುತ್ತೇವೆ. ನೀರಿನ ವಿಷಯದಲ್ಲಿ ನಮ್ಮ ರೈತರು ಬೀಜಕ್ಕೂ ಮಳೆಗೂ ನಡುವೆ ಮನುಷ್ಯ ಇದ್ದಾನೆ ಎಂದು ಬಲ್ಲರು. ಅದೇ ರೈತರು ಆಸ್ಪತ್ರೆಗೆ ಬಂದಾಗ ಮಾತ್ರ ಆ ಮನುಷ್ಯನನ್ನು ಮರೆಯುತ್ತಾರೆ. ಈಶ್ವರನನ್ನು ಆರೋಪದಿಂದ ಬಿಡಿಸಲು ನೇಮಿಸಿದ ವಕೀಲ ಕೆಲಸ ಮುಗಿಸಿ ಮನೆಗೆ ಹೋಗಲಿಲ್ಲ. ಆಮೇಲೆ ಜಮೀನ್ದಾರನ ಪರವಾಗಿ ವಾದಿಸಿದ, ಜಾತಿಯ ಪರವಾಗಿ ವಾದಿಸಿದ, ಈಗ ಡ್ಯೂಟಿಗೆ ಬಾರದ ಡಾಕ್ಟರ ಪರವಾಗಿಯೂ ವಾದಿಸುತ್ತಿದ್ದಾನೆ.

ಕ್ಯಾಂಪಸ್ಸಿನಲ್ಲಿ ಈ ವಕೀಲನಿಗೆ ಹೊಸ ಕೋಟು ತೊಡಿಸಿದ್ದಾರೆ. ಕರ್ಮ ಎಂದರೆ ವಿಜ್ಞಾನ, ನ್ಯೂಟನ್ನನ ಮೂರನೆಯ ನಿಯಮ ಎನ್ನುತ್ತಾರೆ. ಹೈಸ್ಕೂಲಿನ ಪುಸ್ತಕ ತೆರೆದು ನೋಡಿದರೆ ಸಾಕು. ಮೂರನೆಯ ನಿಯಮದಲ್ಲಿ ಕ್ರಿಯೆ ಮತ್ತು ಪ್ರತಿಕ್ರಿಯೆ ಒಂದೇ ಕ್ಷಣದಲ್ಲಿ, ಎರಡು ಬೇರೆ ವಸ್ತುಗಳ ಮೇಲೆ ನಡೆಯುತ್ತವೆ. ಕರ್ಮಸಿದ್ಧಾಂತದಲ್ಲಿ ಫಲ ಬರುವುದು ಬೇರೆ ಕಾಲದಲ್ಲಿ, ಮಾಡಿದವನ ಮೇಲೆಯೇ. ಎರಡಕ್ಕೂ ಸಂಬಂಧವೇ ಇಲ್ಲ. ವಿಜ್ಞಾನದ ಹೆಸರು ಹೇಳಿ ಒಂದು ಮಗುವನ್ನು ಅಪರಾಧಿ ಮಾಡುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಮಾಡುವ ಅವಮಾನ.

ಇನ್ನು, ನನ್ನನ್ನು ನಿಜವಾಗಿ ತಡೆದು ನಿಲ್ಲಿಸುವ ಆಕ್ಷೇಪ ಒಂದೇ. "ನೊಂದವರಿಗೆ ಕರ್ಮದ ಮಾತು ಸಮಾಧಾನ ಕೊಡುತ್ತದೆ. ನೀನು ಅದನ್ನೂ ಕಿತ್ತುಕೊಂಡರೆ ಅವರಿಗೆ ಏನು ಉಳಿಯುತ್ತದೆ?" ಇದನ್ನು ನಾನು ಹಗುರವಾಗಿ ತಳ್ಳಲಾರೆ. ಮಗನನ್ನು ಎತ್ತಿಕೊಂಡು ಫಿಜಿಯೋಥೆರಪಿಗೆ ಎರಡು ಬಸ್ಸು ಬದಲಿಸಿ ಹೋಗುವ ಅಕ್ಕ ಸುಸ್ತಾದ ಸಂಜೆ "ನನ್ನ ಕರ್ಮ" ಎಂದು ನಿಟ್ಟುಸಿರು ಬಿಡುತ್ತಾಳೆ. ಅದು ಅವಳ ಮಾತು. ಅದನ್ನು ತಿದ್ದಲು ನನಗೆ ಯಾವ ಪದವಿಯೂ ಅಧಿಕಾರ ಕೊಡುವುದಿಲ್ಲ. ಉತ್ತಮ ಪುರುಷದಲ್ಲಿ ಆಡಿದ ಮಾತಿಗೆ ಆಡಿದವಳೇ ಒಡತಿ.

ಆದರೆ ಆ ಮಾತು ಅವಳದೇ ಹೌದೇ? ಒಂಬತ್ತು ವರ್ಷ ಅತ್ತೆ ಮನೆಯಲ್ಲಿ, ಜಾತ್ರೆಯಲ್ಲಿ, ಬಸ್ಸಿನಲ್ಲಿ "ನಿನ್ನ ಕರ್ಮವ್ವ" ಎಂದು ಕೇಳಿಸಿಕೊಂಡವಳು ಅದನ್ನೇ ತಿರುಗಿ ಹೇಳುತ್ತಿದ್ದಾಳೆ. ಕೊಟ್ಟವರು ಸಮಾಧಾನವೆಂದು ಕೊಟ್ಟಿರಬಹುದು, ಅವಳಿಗೆ ಮುಟ್ಟಿದ್ದು ಮಾತ್ರ ತಪ್ಪಿತಸ್ಥ ಭಾವ. ರಾತ್ರಿ ಎಚ್ಚರವಾದಾಗ ತಾನು ಹಿಂದೆ ಏನು ಮಾಡಿರಬಹುದು ಎಂದು ಯೋಚಿಸುತ್ತೇನೆ ಎಂದು ಒಮ್ಮೆ ನನ್ನ ಬಳಿ ಹೇಳಿದ್ದಾಳೆ. ಇದು ಸಮಾಧಾನವಾದರೆ ಶಿಕ್ಷೆ ಎಂದರೆ ಇನ್ನೇನು?

ಸಮಾಧಾನ ಹೇಳುವುದು ಹೇಗೆ ಎಂಬುದಕ್ಕೆ ನಮ್ಮಲ್ಲಿ ಎಲ್ಲರೂ ಬಲ್ಲ ಕಥೆಯೊಂದಿದೆ. ಸತ್ತ ಮಗುವನ್ನು ಎತ್ತಿಕೊಂಡು ಔಷಧಿ ಕೇಳುತ್ತ ಬಂದ ಕಿಸಾ ಗೋತಮಿಗೆ ಬುದ್ಧ ಸಾವೇ ಕಾಣದ ಮನೆಯಿಂದ ಸಾಸಿವೆ ತರಲು ಹೇಳುತ್ತಾನೆ. ಚಿಕ್ಕಂದಿನಿಂದ ಕೇಳಿದ ಈ ಕಥೆಯಲ್ಲಿ ಏನು ಇಲ್ಲ ಎಂಬುದನ್ನು ನಾವು ಗಮನಿಸಿಯೇ ಇಲ್ಲ. ಆ ಹೊತ್ತಿನಲ್ಲಿ ಬುದ್ಧ ಆ ಮಗು ಹಿಂದೆ ಏನು ಮಾಡಿತ್ತು ಎಂದು ಹೇಳುವುದಿಲ್ಲ, ನೀನು ಏನು ಮಾಡಿದ್ದೆ ಎಂದು ಕೇಳುವುದೂ ಇಲ್ಲ. ಅವಳನ್ನು ಮನೆಮನೆಗೆ ಕಳಿಸುತ್ತಾನೆ. ಅಲ್ಲಿ ಅವಳಿಗೆ ಸಿಗುವುದು ತನ್ನಂತೆ ಕಳೆದುಕೊಂಡ ಜನ. ಹಿಂದಿನ ಜನ್ಮಗಳನ್ನು ಬಲ್ಲವನೆಂದು ಪರಂಪರೆ ನಂಬಿದವನೇ ನೊಂದ ತಾಯಿಯ ಮುಂದೆ ಅದನ್ನು ಎತ್ತಲಿಲ್ಲ.

ಉಪನಿಷತ್ತಿನಲ್ಲೂ ಇಂಥ ಸಂಕೋಚದ ಒಂದು ಗಳಿಗೆಯಿದೆ. ಬೃಹದಾರಣ್ಯಕದಲ್ಲಿ ಜನಕನ ಸಭೆಯಲ್ಲಿ ಆರ್ತಭಾಗ ಕೇಳುತ್ತಾನೆ: ಮನುಷ್ಯ ಸತ್ತು ಅವನ ಅಂಗಗಳೆಲ್ಲ ಪಂಚಭೂತಗಳಲ್ಲಿ ಸೇರಿಹೋದ ಮೇಲೆ ಅವನು ಎಲ್ಲಿ ಉಳಿಯುತ್ತಾನೆ? ತುಂಬಿದ ಸಭೆಯಲ್ಲಿ ಯಾರಿಗೂ ಸೋಲದ ಯಾಜ್ಞವಲ್ಕ್ಯ ಇದಕ್ಕೆ ಮಾತ್ರ ಸಭೆಯಲ್ಲಿ ಉತ್ತರ ಕೊಡುವುದಿಲ್ಲ. ಆರ್ತಭಾಗನ ಕೈ ಹಿಡಿದು ಹೊರಗೆ ಕರೆದೊಯ್ಯುತ್ತಾನೆ. ಅವರಿಬ್ಬರು ಆಡಿದ್ದು ಕರ್ಮದ ಮಾತು ಎಂದಷ್ಟೇ ಉಪನಿಷತ್ತು ಹೇಳುತ್ತದೆ: ಒಳ್ಳೆಯದನ್ನು ಮಾಡಿ ಮನುಷ್ಯ ಒಳ್ಳೆಯವನಾಗುತ್ತಾನೆ, ಕೆಟ್ಟದ್ದನ್ನು ಮಾಡಿ ಕೆಟ್ಟವನಾಗುತ್ತಾನೆ. ಯಾರ ಕಡೆಗೂ ಬೆರಳು ತೋರದ ಮಾತು ಅದು. ಕರ್ಮದ ಗತಿ ಗಹನ ಎಂದು ಗೀತೆ ಹೇಳಿದೆ. ಕರ್ಮವಿಪಾಕ ಯೋಚನೆಗೆ ನಿಲುಕದ ನಾಲ್ಕರಲ್ಲಿ ಒಂದು ಎಂದು ಅಂಗುತ್ತರ ನಿಕಾಯ ಹೇಳಿದೆ. ಯಾಜ್ಞವಲ್ಕ್ಯ ಹೊರಗೆ ಹೋಗಿ ಮೆಲ್ಲಗೆ ಆಡಿದ ಮಾತನ್ನು ನಾವು ಮೈಕಿನಲ್ಲಿ ಸಾರುತ್ತಿದ್ದೇವೆ.

ಮೋಕ್ಷದ ವಿಷಯವನ್ನಂತೂ ನಾವು ಪೂರ್ತಿ ಮರೆತಿದ್ದೇವೆ. ಎರಡೂ ದರ್ಶನಗಳಲ್ಲಿ ಕರ್ಮ ಎಂಬುದು ಕೊನೆಯ ಮಾತಲ್ಲ, ಬಿಡಿಸಿಕೊಳ್ಳಬೇಕಾದ ಕಟ್ಟು. ಅದ್ವೈತದಲ್ಲಿ ಜ್ಞಾನ ಬಂದಾಗ ಸಂಚಿತ ಕರ್ಮ ಸುಟ್ಟುಹೋಗುತ್ತದೆ, ಏಕೆಂದರೆ ಮಾಡಿದವನು ನಾನು ಎಂಬ ಭಾವವೇ ಅವಿದ್ಯೆ. ಬೌದ್ಧರಲ್ಲಿ ಜನ್ಮದಿಂದ ಜನ್ಮಕ್ಕೆ ಸಾಗುವ ಆತ್ಮವೇ ಇಲ್ಲ. ಮಿಲಿಂದನಿಗೆ ನಾಗಸೇನ ಹೇಳುವಂತೆ, ಮುಂದಿನ ಜನ್ಮದವನು ಅದೇ ವ್ಯಕ್ತಿಯೂ ಅಲ್ಲ, ಬೇರೆ ವ್ಯಕ್ತಿಯೂ ಅಲ್ಲ, ಇರುಳಿಡೀ ಉರಿಯುವ ದೀಪದ ಜ್ವಾಲೆಯ ಹಾಗೆ. ಅಂದ ಮೇಲೆ "ಆ ಕೂಸೇ ಹಿಂದೆ ಮಾಡಿತ್ತು" ಎಂಬ ವಾಕ್ಯಕ್ಕೆ ಎರಡೂ ದರ್ಶನಗಳ ಕೊನೆಯ ಪುಟದಲ್ಲಿ ಕರ್ತೃಪದವೇ ಸಿಗುವುದಿಲ್ಲ. ಆದರೆ ಮೋಕ್ಷ ಗ್ರಂಥದಲ್ಲೇ ಉಳಿಯಿತು, ಕರ್ಮ ಮಾತ್ರ ಆಸ್ಪತ್ರೆಯ ವರಾಂಡಕ್ಕೆ ಬಂತು. ಬಿಡುಗಡೆಯ ಭಾಗ ಓದಿದವರಿಗೆ, ಶಿಕ್ಷೆಯ ಭಾಗ ನಮ್ಮ ದೊಡ್ಡವ್ವನಿಗೆ.

ಕನ್ನಡದ ನೆಲದಲ್ಲಿ ಇದನ್ನು ಒಪ್ಪದವರು ಹಿಂದೆಯೇ ಇದ್ದರು. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಒಬ್ಬರಿಗೆ 1915ರಲ್ಲಿ ಸಿಕ್ಕ ಅಶೋಕನ ಶಾಸನ ಎಲ್ಲರಿಗೂ ಗೊತ್ತು, ಅಶೋಕನ ಹೆಸರು ಅದರಲ್ಲಿದೆ ಎಂಬ ಕಾರಣಕ್ಕೆ. ಅದರಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಯಾರೂ ಹೇಳುವುದಿಲ್ಲ: ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಇದನ್ನು ಪಡೆಯಬಲ್ಲ, ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು ಎಂದು. ಹನ್ನೆರಡನೆಯ ಶತಮಾನದ ಶರಣರು ದೀಕ್ಷೆ ಪಡೆದವನ ಪೂರ್ವಾಶ್ರಯ ಕಳೆಯಿತು, ಅದನ್ನು ಕೇಳುವುದೇ ತಪ್ಪು ಎಂದರು. ಹಿಂದಿನದನ್ನು ಕೆದಕಬೇಡಿ ಎಂಬುದು ಅವರ ಮಟ್ಟಿಗೆ ನಯನಾಜೂಕಿನ ಮಾತಾಗಿರಲಿಲ್ಲ, ಸಿದ್ಧಾಂತವಾಗಿತ್ತು. ಅಂಬೇಡ್ಕರ್ ಇನ್ನೂ ಕಟುವಾಗಿದ್ದರು. 1957ರಲ್ಲಿ, ಅವರು ತೀರಿಕೊಂಡ ಮೇಲೆ ಪ್ರಕಟವಾದ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ, ಬಡವರ, ಕೆಳಗಿನವರ ಸ್ಥಿತಿಗೆ ರಾಜ್ಯವೂ ಸಮಾಜವೂ ಹೊಣೆ ಹೊರದೆ ತಪ್ಪಿಸಿಕೊಳ್ಳಲಿಕ್ಕೇ ಪೂರ್ವಜನ್ಮದ ಕರ್ಮದ ಮಾತು ಬಳಕೆಯಾಗುತ್ತದೆ ಎಂಬರ್ಥದಲ್ಲಿ ಬರೆದರು. ಅದು ಬುದ್ಧನ ಮಾತಾಗಿರಲಾರದು ಎಂದು ತಳ್ಳಿಹಾಕಿದರು. ಪಾಲಿ ಸುತ್ತಗಳ ವಿದ್ಯಾರ್ಥಿಯಾಗಿ ನಾನು ಅವರಷ್ಟು ದೂರ ಹೋಗಲಾರೆ, ಪಟ್ಟಿ ಅಲ್ಲಿರುವುದನ್ನು ನಾನು ಕಂಡಿದ್ದೇನೆ. ಆದರೆ ಆ ಮಾತು ಯಾರ ಕೆಲಸಕ್ಕೆ ಬರುತ್ತದೆ ಎಂಬುದರಲ್ಲಿ ಅವರು ಕಂಡದ್ದನ್ನೇ ನಾನೂ ಕಂಡೆ.

ಕಳೆದ ಜೂನ್‌ನಲ್ಲಿ ಮತ್ತೊಮ್ಮೆ ಕಂಡೆ. ಅಕ್ಕ ಮಗನನ್ನು ಶಾಲೆಗೆ ಸೇರಿಸಲು ಹೋಗಿದ್ದಳು. ಹುಡುಗನಿಗೆ ನಡೆಯಲು ಬಾರದು, ಮಾತು ನಿಧಾನ. ಆದರೆ ಮೊಬೈಲಿನಲ್ಲಿ ಕ್ರಿಕೆಟ್ ಸ್ಕೋರು ಓದುತ್ತಾನೆ, ತಪ್ಪು ಓದಿದರೆ ನನ್ನನ್ನು ತಿದ್ದುತ್ತಾನೆ. ಅಲ್ಲಿನ ಹೆಡ್‌ಮಾಸ್ಟರ್ ಬಹಳ ಮೃದುವಾಗಿ ಹೇಳಿದರಂತೆ: "ಇಂಥ ಮಕ್ಕಳಿಗೆ ಕಲಿಸಿ ಏನು ಮಾಡ್ತೀರಮ್ಮ. ಅವನ ಕರ್ಮ ಅವನು ಕಳಕೊಳ್ಳಾಕ ಬಂದಾನ. ಮನೆಯಾಗ ಚೆಂದಾಗಿ ನೋಡಿಕೊಳ್ರಿ, ಪುಣ್ಯ ಬರ್ತದ." ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಇದೆ. ಗಣನೀಯ ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕಿದೆ. ಕಾನೂನು ಹಕ್ಕು ಎಂದದ್ದನ್ನು ಮೃದುವಾದ ದನಿಯೊಂದು ಕರ್ಮ ಎಂದು ಹೆಸರಿಸಿ ಬಾಗಿಲು ಹಾಕಿತು. ಅಕ್ಕ ತಲೆ ಅಲ್ಲಾಡಿಸಿ ಮನೆಗೆ ಬಂದಳು.

ಕರ್ಮ ಎಂದರೆ ಮೂಲದಲ್ಲಿ 'ಮಾಡಿದ್ದು'. ಬುದ್ಧ ಚೇತನವನ್ನೇ, ಅಂದರೆ ಮನಸಿಟ್ಟು ಮಾಡುವ ಸಂಕಲ್ಪವನ್ನೇ, ಕರ್ಮ ಎಂದ. ಈ ಅರ್ಥವನ್ನು ಹಿಡಿದು ಆ ರಾತ್ರಿಯನ್ನು ನೋಡಿದರೆ ಆಸ್ಪತ್ರೆಯಲ್ಲಿದ್ದವರಲ್ಲಿ ಯಾವ ಕರ್ಮವನ್ನೂ ಮಾಡದವನು ಆ ಮಗು ಒಬ್ಬನೇ. ಬಾರದೆ ಉಳಿದದ್ದು ಡಾಕ್ಟರ ಕರ್ಮ. ಬಾಗಿಲು ಹಾಕಿದ್ದು ಹೆಡ್‌ಮಾಸ್ಟರ ಕರ್ಮ. ಇಷ್ಟಕ್ಕೇ ನಿಲ್ಲಿಸಿದರೆ ನಾನೂ ಪ್ರಥಮ ಪುರುಷದಲ್ಲೇ ಉಳಿದಂತಾಗುತ್ತದೆ. ಹಾಗಾಗಿ ನನ್ನದನ್ನೂ ಹೇಳುತ್ತೇನೆ. ಅಂದು ನಮ್ಮ ಮನೆಯಲ್ಲಿ ಅರ್ಜಿ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ. ದೂರು ಬರೆಯಬಹುದಿತ್ತು, ಬರೆಯಲಿಲ್ಲ. ಬರೆದಿದ್ದರೆ ಅಕ್ಕನ ಮಗನ ಕಾಲು ನೆಟ್ಟಗಾಗುತ್ತಿರಲಿಲ್ಲ, ಆದರೆ ಮುಂದಿನ ತಿಂಗಳು ಅದೇ ಮೇಜಿನ ಮೇಲೆ ಮಲಗಿದ ಇನ್ನೊಬ್ಬಳಿಗಾಗಿ ಡಾಕ್ಟರು ಬೇಗ ಬರುತ್ತಿದ್ದರೇನೋ. ಇದು ನನ್ನ ಕರ್ಮ. ಇದಕ್ಕೆ ಯಾವ ಪೂರ್ವಜನ್ಮವೂ ಬೇಕಿಲ್ಲ.

ಯೋಗವಾಸಿಷ್ಠದಲ್ಲಿ ಒಂದು ಹೋಲಿಕೆ ಬರುತ್ತದೆ. ಹಿಂದಿನ ಪ್ರಯತ್ನ ಮತ್ತು ಇಂದಿನ ಪ್ರಯತ್ನ ಎರಡು ಟಗರುಗಳ ಹಾಗೆ ಗುದ್ದಾಡುತ್ತವೆ, ಬಲವಾದದ್ದು ಗೆಲ್ಲುತ್ತದೆ. ನಮ್ಮ ಕಡೆ ಟಗರಿನ ಕಾಳಗ ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಾವು ಹಿಂದಿನ ಟಗರಿಗೆ ಮಾತ್ರ ಮೇವು ಹಾಕುತ್ತ ಬಂದಿದ್ದೇವೆ.

ಈ ವಾರ ನಾನು ಊರಿಗೆ ಹೊರಟಿದ್ದೇನೆ. ಶಾಲೆಯ ಪ್ರವೇಶಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡಬೇಕಾದ ಅರ್ಜಿಯನ್ನು ಬರೆದಿದ್ದೇನೆ, ಕಾಯ್ದೆಯ ಸೆಕ್ಷನ್ ಸಮೇತ. ಕೆಳಗೆ ಸಹಿ ಅಕ್ಕನದೇ ಇರಲಿ ಎಂದು ಜಾಗ ಬಿಟ್ಟಿದ್ದೇನೆ. ಫೋನಿನಲ್ಲಿ ಓದಿ ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, "ಅವರು ಇಲ್ಲ ಅಂದ್ರ?" ಎಂದಳು. "ಮೇಲಿನವರಿಗೆ ಬರೆಯೋಣಕ್ಕ" ಎಂದೆ. "ಆತು, ಬಾ" ಎಂದಳು. ಕರ್ಮದ ಮಾತನ್ನು ಈ ಸಲ ಇಬ್ಬರೂ ಎತ್ತಲಿಲ್ಲ.